ತೊಟ್ಟಿಗೆ ಬಳಿದ ದೋಣಿ ಬಣ್ಣ

ಕೆನಡಾದ ಕ್ಲಬ್ಬಿನವರು ಶನಿವಾರ ಬರುತ್ತಾರೆ ಅನ್ನುವಾಗ, ಬುಧವಾರ ಶಾಲೆಯ ಹೊಸ ನೀರಿನ ತೊಟ್ಟಿ ಸೋರತೊಡಗಿತು. ಎಲ್ಲ ಬಿಟ್ಟು ಆಗಲೇ! ಹಣ ಕೆನಡಾದವರದು, ಕಟ್ಟಿಸಿದ್ದು ಪುಂತಾ ಸೆಕಾ ಊರಿನ ಸೇವಾ ಕ್ಲಬ್ಬು. ಅದರ ಅಧ್ಯಕ್ಷ ದೋನ್ ಆನಿಬಾಲ್ ದೋಣಿ ರಿಪೇರಿಯವನು. ಸೋರುವುದು ಏನೇ ಇರಲಿ, ಈ ಕರಾವಳಿಯವರಿಗೆ ಹೊಳೆಯುವ ಮದ್ದು ಒಂದೇ. ದೋಣಿಯ ತಳಕ್ಕೆ ಹಚ್ಚುವ ಕೆಂಪು ಬಣ್ಣವನ್ನು ತೊಟ್ಟಿಯ ಒಳಗೋಡೆಗೆಲ್ಲ ಎರಡು ಕೈ ಬಳಿಸಿ, ಶುಕ್ರವಾರ ಬೆಳಗ್ಗೆ ನೀರು ತುಂಬಿಸಿಬಿಟ್ಟ ಪುಣ್ಯಾತ್ಮ.

ಆ ಮಧ್ಯಾಹ್ನ ತೊಟ್ಟಿಯ ಹಿಂದೆ ಬಿದ್ದಿದ್ದ ಖಾಲಿ ಬಣ್ಣದ ಡಬ್ಬವನ್ನು, ತೊಟ್ಟಿ ನೋಡಲು ಬಂದ ವಿಧವೆ ಕ್ಲೆಮೆನ್ಸಿಯಾ ಎತ್ತಿ ನೋಡಿದಳು. ಅವಳ ಗಂಡ ಇಪ್ಪತ್ತು ವರ್ಷ ಅದೇ ಬಣ್ಣ ಬಳಿದವನು. ದೋಣಿಗೆ ಅಂಟುವ ಚಿಪ್ಪು, ಪಾಚಿ ಅಲ್ಲೇ ಸಾಯಲೆಂದು ಅದರಲ್ಲಿ ವಿಷ ಬೆರೆಸಿರುತ್ತಾರೆ. ಅದು ಸ್ವಲ್ಪಸ್ವಲ್ಪವೇ ನೀರಿಗಿಳಿಯುತ್ತದೆ. ಕೊನೆಯ ವರ್ಷ ಅವನ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಅವಳು ತೊಟ್ಟಿಯ ಮುಚ್ಚಳ ಎತ್ತಿದಳು. ಅವನ ಅಂಗಿಯ ವಾಸನೆ ಮುಖಕ್ಕೆ ರಾಚಿತು.

ಅಲ್ಲಿಂದ ನೇರ ಆನಿಬಾಲನ ಕಾರ್ಖಾನೆಗೆ ನಡೆದಳು.

“ನಿಮ್ಮ ತಲೇಲಿ ಏನಿದೆ, ಮರಳಾ?”

“ಕೂಗ್ಬೇಡಿ ಕೊಮಾದ್ರೆ,” ಅಂದ ಅವನು. ಅವನ ಮಗನ ದೀಕ್ಷಾಸ್ನಾನದಲ್ಲಿ ಎರಡನೇ ತಾಯಿಯಾಗಿ ನಿಂತ ಜ್ಞಾನತಾಯಿ ಅವಳು, ಅದಕ್ಕೇ ಆ ಸಂಬೋಧನೆ. “ಹತ್ತು ಲೋಟದಲ್ಲಿ ಯಾರೂ ಸಾಯಲ್ಲ. ಸೋರೋ ತೊಟ್ಟಿ ನೋಡಿದ್ರೆ ಕೆನಡಾದವರು ಮಾತು ಕೊಟ್ಟಿರೋ ಆಸ್ಪತ್ರೆ ದೋಣಿ ಕೊಡ್ತಾರಾ? ಹೋದ ವರ್ಷ ಎಷ್ಟು ಬಸುರಿಯರು ದಾರೀಲೇ ಹೋದ್ರು, ನೀವೇ ಹೇಳಿ.”

ಇಬ್ಬರು. ಆಸ್ಪತ್ರೆಗೆ ಸಮುದ್ರದ ಮೇಲೆ ಆರು ಗಂಟೆಯ ದಾರಿ. ಹಾಗೆ ಹೋದವರಲ್ಲಿ ಒಬ್ಬಳು ಕ್ಲೆಮೆನ್ಸಿಯಾಳ ಮಗಳೇ. ಅವಳು ಬಿಟ್ಟುಹೋದ ಏಳು ವರ್ಷದ ಮಿಲೇದಿಸ್ ಈಗ ಅದೇ ಶಾಲೆಯಲ್ಲಿ ಓದುತ್ತಿದ್ದಳು.

“ಮಕ್ಕಳು ಕುಡಿದ್ರೆ?”

“ನೀವು ಕುಡಿಯೋ ಮುಂಚೆ ಯಾರು ಮುಟ್ತಾರೆ? ನೀವು ತುಟಿಗೆ ತಾಗಿಸಿ, ಸಾಕು. ಮಕ್ಕಳ ಕೈಲಿ ಖಾಲಿ ಲೋಟ ಇರುತ್ತೆ, ನನ್ನ ತಾಯಾಣೆ. ಅವರು ಹೊರಟ ತಕ್ಷಣ ತೊಟ್ಟಿ ಖಾಲಿ ಮಾಡಿಸ್ತೀನಿ.”

ಮಾತು ನಿಜ. ಇಲ್ಲಿ ದೋಣಿಗೂ ಬಾವಿಗೂ ಒಬ್ಬ ಜ್ಞಾನತಾಯಿ ಇರಲೇಬೇಕು, ಮೊದಲ ಲೋಟ ಅವಳದೇ; ಈ ತೊಟ್ಟಿಗೆ ಊರು ಆರಿಸಿದ್ದು ಕ್ಲೆಮೆನ್ಸಿಯಾಳನ್ನು. ಅಲ್ಲಿಯವರೆಗೆ ಆ ನೀರನ್ನು ಊರಿನ ನಾಯಿಗೂ ಹಾಕುವುದಿಲ್ಲ. ಆ ಧೈರ್ಯದ ಮೇಲೆ ಕ್ಲೆಮೆನ್ಸಿಯಾ ಒಪ್ಪಿದಳು. ತಪ್ಪೆಂದು ಗೊತ್ತಿತ್ತು. ಆದರೆ ದೋಣಿಯಲ್ಲಿ ರಕ್ತ ಸುರಿಸುತ್ತ ಸತ್ತ ಮಗಳ ಮುಖ ಕಣ್ಣ ಮುಂದೆ ಬಂತು. ಮಿಲೇದಿಸಳಿಗೂ ಹೇಳಲಿಲ್ಲ. ಮಗುವಿಗೆ ಹೇಳಿದರೆ ಊರಿಗೇ ಡಂಗುರ ಹೊಡೆದ ಹಾಗೆ.

ಶನಿವಾರ ಹತ್ತು ಗಂಟೆಗೆ ಮರದ ಪಟ್ಟಿಗಳ ವಾದ್ಯ ಮರಿಂಬಾ ಬಾರಿಸತೊಡಗಿದರು. ಕೊಲಂಬಿಯಾದ ಬಾವುಟ, ಪಕ್ಕದಲ್ಲಿ ಕೆನಡಾದ್ದು. ಬಿಳಿ ಬಟ್ಟೆ ತೊಟ್ಟ ನಲವತ್ತೊಂದು ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು. ನಲ್ಲಿಯ ಕೆಳಗೆ ನಿಂತ ನೀರಿನಲ್ಲಿ ಮೂರು ಪುಟ್ಟ ಏಡಿಗಳು ಅಂಗಾತ ಬಿದ್ದಿದ್ದವು. ಅವುಗಳ ಮೇಲೆ ಆನಿಬಾಲ್ ಮೆಲ್ಲಗೆ ಬೂಟುಗಾಲಿಟ್ಟ.

ಕೆನಡಾದ ಅಧ್ಯಕ್ಷ ಒಳ್ಳೆಯ ಮನುಷ್ಯ, ಬಿಸಿಲಿಗೆ ಕೆಂಪಗಾಗಿದ್ದ. ತಾನೇ ಲೋಟ ತುಂಬಿಸಿ ಕ್ಲೆಮೆನ್ಸಿಯಾಳ ಕೈಗಿತ್ತ. ಅವಳು ತುಟಿಗೆ ತಾಗಿಸಿದಳು. ಊರು ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಆ ಮಹಾನುಭಾವ ಖುಷಿಯಲ್ಲಿ ಹೂಜಿ ತುಂಬಿಸಿಕೊಂಡು ಮಕ್ಕಳ ಕಡೆ ನಡೆದೇಬಿಟ್ಟ. ಆನಿಬಾಲ್ ಏಡಿಗಳ ಮೇಲಿಂದ ಬೂಟು ಎತ್ತಲಿಲ್ಲ.

ಕ್ಲೆಮೆನ್ಸಿಯಾ ಲೋಟ ನೆಲಕ್ಕಪ್ಪಳಿಸಿದಳು. “ಕುಡೀಬೇಡ್ರೋ! ತೊಟ್ಟಿ ಒಳಗೆ ದೋಣಿ ಬಣ್ಣ ಬಳಿದಿದಾರೆ, ಅದು ವಿಷ!”

ಮರಿಂಬಾ ನಿಂತಿತು. ಆಸ್ಪತ್ರೆ ದೋಣಿ ಹೋದರೆ ಹೋಗಲಿ, ಮಕ್ಕಳು ಉಳಿದರಲ್ಲ ಎಂದು ಅವಳು ಉಸಿರು ಬಿಟ್ಟಳು.

ಟೀಚರ್ ಯಾದಿರಾಳ ಮುಖ ಬಿಳಿಚಿಕೊಂಡಿತ್ತು. “ಏನ್ ಹೇಳ್ತಿದೀರಿ ದೋನ್ಯಾ ಕ್ಲೆಮೆನ್ಸಿಯಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ! ಬೆಳಗ್ಗೆ ಏಳಕ್ಕೆ ತಾಲೀಮು ಮಾಡಿಸ್ದೆ. ನೀವಿರ್ಲಿಲ್ಲ ಅಂತ ನಿಮ್ಮ ಬದ್ಲು ಮೊದಲ ಲೋಟ ನಾನೇ ಕುಡ್ದೆ. ಆಮೇಲೆ ಇವರೆಲ್ಲ...”

ಕ್ಲೆಮೆನ್ಸಿಯಾ ಸಾಲಿನಲ್ಲಿ ಮೊಮ್ಮಗಳನ್ನು ಹುಡುಕಿದಳು. ಮಿಲೇದಿಸ್ ನಿಂತಿರಲಿಲ್ಲ, ಹಿಂದಿನ ಸಾಲಿನಲ್ಲಿ ನೆಲಕ್ಕೆ ಕೂತುಬಿಟ್ಟಿದ್ದಳು.

“ಅಜ್ಜೀ, ನಾನು ಎರಡು ಲೋಟ ಕುಡ್ದೆ,” ಎಂದಳು ಹೊಟ್ಟೆ ಹಿಡಿದುಕೊಂಡು.