ತಿರುವಿನ ಗೋಡೆ

"ಮ್ಯಾಕ್ ನೋಡ್ಕಂಡು ರಸ್ತೆ ದಾಟುದ್ರೆ ಕಾಲು ಉಳೀತದೇನಮ್ಮೀ? ನಿನ್ ತಂಗಿ ಕಣ್ಣ ಎಲ್ ಮಡುಗಿದ್ಲು?"

ನಗರಸಭೆಯ ಎಂಜಿನಿಯರ್ ಪ್ರಕಾಶ್ ಹೀಗೆ ಕೇಳಿದಾಗ ಮುನ್ನೀ ತಿರುವಿನ ಗೋಡೆ ತೆಗೆಸಿ ಎಂಬ ಅರ್ಜಿ ಹಿಡಿದು ನಿಂತೇ ಇದ್ದಳು. ಎದುರಿಗೆ ಎರಡು ಕುರ್ಚಿ ಖಾಲಿಯಿದ್ದವು. ಕೂರು ಎಂದು ಯಾರೂ ಅನ್ನಲಿಲ್ಲ.

ಅವಳು ಸಮಾಧಾನದಿಂದಲೇ ಹೇಳಿದಳು. ರಾಮನಗರದ ಅವರ ಕೇರಿಯ ಓಣಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇದೆ. ಅದರ ಓನರ್ ಶಿವಕಿರಣ್ ಹೋದ ವರ್ಷ ಕಾಂಪೌಂಡನ್ನು ಮೂರಡಿ ರಸ್ತೆಗೇ ತಂದು, ಆಳೆತ್ತರ ಮೀರಿಸಿ ಕಟ್ಟಿಸಿದ. ಅಂದಿನಿಂದ ಓಣಿಯಿಂದ ಬರುವವರಿಗೆ ಮೂಗು ರಸ್ತೆಗೆ ಹಾಕುವ ತನಕ ಗಾಡಿ ಕಾಣುವುದಿಲ್ಲ. ಎರಡು ತಿಂಗಳ ಹಿಂದೆ ತಂಗಿ ಶಬ್ನಮ್ ಅದೇ ಫಿಲೇಚರಿಗೆ ನೂಲು ಬಿಚ್ಚಲು ಹೊರಟವಳು ಒಂದು ಹೆಜ್ಜೆ ಹೊರಗಿಟ್ಟಳು. ಜಲ್ಲಿ ತುಂಬಿದ ಟಿಪ್ಪರ್ ಮೇಲೆ ಹರಿಯಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಪ್ರಕಾಶ್ ಅರ್ಜಿಯನ್ನು ಓದದೆ ಮಡಚಿ, ಟೀ ಲೋಟದ ಕೆಳಗಿಟ್ಟ. ಗೋಡೆಯ ಮಾತು ಬಿಡು, ಬೇರೆ ಏನಾದರೂ ಮಾಡೋಣ ಅಂದ.

ಮಾಡಿದರು. ಮುಂದಿನ ವಾರ ಅದೇ ಗೋಡೆಗೆ ಬೋರ್ಡು ಬಡಿದರು: ಪಾದಚಾರಿಗಳೇ ಎಚ್ಚರ. ಟಿಪ್ಪರ್ ಬರುವ ಕಡೆ ಏನೂ ಬರೆಯಲಿಲ್ಲ. ಫೋಟೋಗೆಂದು ಶಿವಕಿರಣ್ ಶಬ್ನಮಳನ್ನು ಕುರ್ಚಿ ಸಮೇತ ಹೊರಿಸಿ ತಂದು ಬೋರ್ಡಿನ ಕೆಳಗೆ ಕೂರಿಸಿದ, ತೊಡೆಯ ಮೇಲೆ ಸ್ವೀಟ್ ಬಾಕ್ಸ್ ಇಟ್ಟ. ಅವಳ ಸೆರಗು ಎಳೆದು ಮೊಂಡುಗಾಲನ್ನು ಮುಚ್ಚಿದ.

"ಒಸಿ ನಗಮ್ಮಿ, ಸತ್ತೋರ್ ಥರ ಕುಂತಿದ್ದೀಯ," ಅಂದ ಪ್ರಕಾಶ್.

ಶಬ್ನಮ್ ನಕ್ಕಳು. ಮನೆಗೆ ಬಂದ ಮೇಲೆ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮುನ್ನೀ, ತಾನೂ ದುಡಿಯುವ ಆ ಫಿಲೇಚರಿನೊಳಗೆ ಕೆಲಸಕ್ಕೆ ಹೋಗಲಿಲ್ಲ. ತನ್ನ ಪಕ್ಕದ ಬೇಸಿನ್ನಿನಲ್ಲಿ ರೇಷ್ಮೆಗೂಡು ಬಿಚ್ಚುವ ಗಿರಿಜಾಂಬಳ ಮನೆಯಿಂದ ಹಾರೆ ತಂದು ಗೋಡೆಯ ಮೂಲೆಗೆ ಹಾಕಿದಳು. ದಿನವೂ ಬೇಸಿನ್ನಿನ ಬಿಸಿನೀರಿನಲ್ಲಿ ಬೆಂದ ಬೆರಳುಗಳು ಮೂರನೇ ಏಟಿಗೇ ಸುಲಿದವು. ಸದ್ದಿಗೆ ಶಿವಕಿರಣ್ ಹಲ್ಲುಜ್ಜುತ್ತಲೇ ಓಡಿ ಬಂದ.

"ಲೇ ಮುಂಡೇದೇ, ನಿಮ್ಮಪ್ಪ ಕಟ್ಟುಸ್ದುನೇನೇ? ಇನ್ಮ್ಯಾಕ್ ಕೆಲಸಕ್ ಬಂದೀಯ, ಹುಷಾರು."

"ಬರಾಕಿಲ್ಲ," ಅಂದಳು ಮುನ್ನೀ. ಹಾರೆ ನಿಲ್ಲಲಿಲ್ಲ.

ಅವನು ಹಾರೆಗೆ ಕೈ ಹಾಕಿದ. ಅಷ್ಟರಲ್ಲಿ ಒಳಗೆ ಮಿಷನ್ನುಗಳ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಹೆಂಗಸರು ಹೊರಬಂದರು. ಗಿರಿಜಾಂಬ ಓನರಿಗೂ ಮುನ್ನೀಗೂ ನಡುವೆ ಬಂದು ನಿಂತಳು.

"ಕೈ ಬುಡಿ ಸೋಮಿ. ಇವತ್ತು ಅವಳ್ದು, ನಾಳೀಕೆ ನಮ್ ಕಾಲು."

ಅವನು ಹಿಂದೆ ಸರಿದು ಫೋನ್ ತೆಗೆದ. ಹೆಂಗಸರು ಬಿದ್ದ ಇಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿ ಬದಿಗೆ ಪೇರಿಸಿದರು. ಮೂಲೆ ಸೊಂಟದ ಮಟ್ಟಕ್ಕೆ ಇಳಿದಾಗ, ಓಣಿಯಲ್ಲಿ ನಿಂತವರಿಗೆ ವರ್ಷದ ಮೇಲೆ ರಸ್ತೆ ಉದ್ದಕ್ಕೂ ಕಂಡಿತು. ಬರುತ್ತಿರುವ ಗಾಡಿ ದೂರದಿಂದಲೇ ಕಂಡಿತು. ಪೊಲೀಸ್ ಜೀಪು.

ಮುನ್ನೀ ರಕ್ತದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹಾರೆ ಎತ್ತಿದಳು.