ಡಬ್ಬಿ ತಿಂದ ಬೆಳಕು

ಈರಬಸಪ್ಪನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಹೆಂಡತಿ ಇದ್ದಷ್ಟು ದಿನ ಅದನ್ನು ಅವಳು ಅರ್ಧ ಹಂಚಿಕೊಳ್ಳುತ್ತಿದ್ದಳು. ಅವಳು ಹೋದಮೇಲೆ ಪೂರಾ ಮಗಳು ರೇಣುವಿನ ಪಾಲಿಗೇ ಬಂತು.

ಧಾರವಾಡದ ಕಡೆಯಿಂದ ಬಂದ ಈರಬಸಪ್ಪ ಪುಣೆಯ ಶಿವಾಜಿನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟು ಮೂವತ್ತೊಂದು ವರ್ಷ. ಆ ಊರಿನ ಎಷ್ಟೋ ಕನ್ನಡಿಗರ ಮನೆಯ ಗೋಡೆಗಳಲ್ಲಿ ಅವನು ತೆಗೆದ ಕುಟುಂಬದ ಫೋಟೋಗಳು ನೇತಾಡುತ್ತಿವೆ. ಬೆಳಕು ಅಳೆಯುವ ಮೀಟರ್ ಒಂದಿತ್ತು, ಆದರೆ ಅದು ಕಪಾಟು ಬಿಟ್ಟು ಹೊರಗೆ ಬಂದದ್ದನ್ನು ರೇಣು ನೋಡಿರಲಿಲ್ಲ. ‘ನನ್ನ ಕಣ್ಣಿಗಿಂತ ಬ್ಯಾರೆ ಮೀಟರ್ ಬೇಕೇನು?’ ಅನ್ನುತ್ತಿದ್ದ. ಅವನು ಜಂಭ ಕೊಚ್ಚಿಕೊಳ್ಳುತ್ತಿರಲಿಲ್ಲ, ಆ ಕಣ್ಣು ಹಾಗೇ ಇತ್ತು.

ಒಂದೂವರೆ ವರ್ಷದ ಹಿಂದೆ ಆ ಕಣ್ಣು ತಪ್ಪತೊಡಗಿತು. ಹನ್ನೊಂದು ವರ್ಷ ಜೊತೆಗೆ ದುಡಿದ ಮಾಂತು ಒಂದು ದಿನ, ‘ಸಾಹೇಬ್ರ, ಮುಖ ಎಲ್ಲಾ ಬಿಳಚಿಕೊಂಡಾವ್ರಿ. ಫ್ಲ್ಯಾಶ್ ಸ್ವಲ್ಪ ಕಡಿಮಿ ಮಾಡೋಣ’ ಅಂದ. ಗಿರಾಕಿಗಳ ಎದುರಿಗೇ ಅಂದುಬಿಟ್ಟ, ಪಾಪ.

‘ನನಗ ಬೆಳಕು ಕಲಸ್ತೀ ಏನ್ ನೀನು?’ ಎಂದು ಈರಬಸಪ್ಪ ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವರು ಮೇಲೆ ನೋಡಿದರು. ಮಾಂತು ಮರುದಿನದಿಂದ ಬರಲಿಲ್ಲ. ಈಗ ವಾಕಡದಲ್ಲಿ ಅವನದೇ ಸ್ಟುಡಿಯೋ ಇದೆ, ಚೆನ್ನಾಗಿಯೇ ನಡೆಯುತ್ತಿದೆ.

ಅಂದಿನಿಂದ ರೇಣು ಬಾಯಿಗೆ ಬೀಗ ಹಾಕಿಕೊಂಡಳು. ಬಾಯಿಗೆ ಹಾಕಿದಳೇ ಹೊರತು ಕೈಗೆ ಹಾಕಲಿಲ್ಲ. ಅಪ್ಪ ಫ್ಲ್ಯಾಶಿನ ಗುಂಡಿಯನ್ನು ಎಂಟಕ್ಕೆ ತಿರುಗಿಸಿ ಕ್ಯಾಮೆರಾ ಕಡೆ ಹೋಗುತ್ತಿದ್ದ. ಇವಳು ಸ್ಟ್ಯಾಂಡ್ ಸರಿಮಾಡುವ ನೆಪದಲ್ಲಿ ಹಿಂದಿನಿಂದ ಬಂದು ಏಳಕ್ಕೆ ಇಳಿಸುತ್ತಿದ್ದಳು. ಕೆಲವು ತಿಂಗಳು ಕಳೆದಮೇಲೆ ಆರಕ್ಕೆ. ಕ್ಯಾಮೆರಾದ ಪರದೆಯನ್ನೂ ಕಂಪ್ಯೂಟರಿನ ಪರದೆಯನ್ನೂ ಕಣ್ಣು ಕುಕ್ಕುವಷ್ಟು ಬೆಳಗಿಸಿಟ್ಟಳು. ಅಪ್ಪ ನೋಡಿ, ‘ಹಾಂ, ಈಗ ಬಂತು ನೋಡು’ ಅನ್ನುತ್ತಿದ್ದ. ಗಿರಾಕಿಗಳು ಹೊಗಳಿ ಹೋಗುತ್ತಿದ್ದರು. ರೇಣುವಿಗೆ ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ಅಪ್ಪನ ಕಣ್ಣಿನ ಮಬ್ಬನ್ನು ಅವಳು ಪೊರೆ ಎಂದುಕೊಂಡಿದ್ದಳು. ವಯಸ್ಸಾದವರಿಗೆ ಬರುವಂಥದ್ದು, ಯಾವಾಗ ಬೇಕಾದರೂ ತೆಗೆಸಬಹುದು. ಅಪ್ಪನ ಮನಸ್ಸು ತಿಳಿಯಾದ ದಿನ ಮೆಲ್ಲಗೆ ಹೇಳಿದರಾಯಿತು. ಆ ದಿನ ಬರಲಿಲ್ಲ, ಅವಳು ಬರಮಾಡಿಕೊಳ್ಳಲೂ ಇಲ್ಲ.

ನೆಪಕ್ಕೆ ಒಂದು ಸಾಫ್ಟ್‌ಬಾಕ್ಸ್ ಸಿಕ್ಕಿತ್ತು. ಫ್ಲ್ಯಾಶಿನ ಮುಂದೆ ಕಟ್ಟುವ ಐದಡಿ ಅಗಲದ ಡಬ್ಬಿ, ಒಳಗೊಂದು ಹೊರಗೊಂದು ಬಿಳಿ ಬಟ್ಟೆ. ಮೂರು ತಲೆಮಾರು ಕೂತರೂ ಎಲ್ಲರ ಮುಖಕ್ಕೆ ಮೆತ್ತಗಿನ ಬೆಳಕು ಬೀಳಲಿ ಎಂದು ಈರಬಸಪ್ಪನೇ ತಂದಿದ್ದ. ‘ಯಾಕೋ ಫ್ಲ್ಯಾಶ್ ದಮ್ ಕಳಕೊಂಡಂಗ ಕಾಣಸ್ತದ’ ಎಂದು ಅವನು ಗೊಣಗಿದಾಗ ರೇಣುವೇ ಹೇಳಿದ್ದಳು, ‘ಡಬ್ಬಿ ದೊಡ್ಡದಲ್ರಿ ಅಪ್ಪಾ. ಬೆಳಕು ತಿಂತದ.’

ಅದು ಅರ್ಧ ನಿಜವೇ. ದೊಡ್ಡ ಡಬ್ಬಿ ಬೆಳಕು ತಿನ್ನುತ್ತದೆ. ಆದರೆ ಈರಬಸಪ್ಪ ಅರ್ಧಕ್ಕೆ ಬಿಡುವ ಆಸಾಮಿಯಲ್ಲ. ಡಬ್ಬಿಯನ್ನು ಎರಡಡಿ ಹತ್ತಿರ ತಂದ. ಒಳಗಿನ ಬಟ್ಟೆ ಬಿಚ್ಚಿದ. ವೈರ್ ಬದಲಿಸಿದ, ಪ್ಲಗ್ ಬದಲಿಸಿದ, ಹೊಸ ಟ್ಯೂಬ್ ಹಾಕಿಸಿದ. ಬೆಳಕು ಹೆಚ್ಚಿದಾಗಲೆಲ್ಲ ರೇಣು ಗುಂಡಿಯನ್ನು ಇನ್ನಷ್ಟು ಇಳಿಸುತ್ತಿದ್ದಳು. ಅಪ್ಪನ ಕಣ್ಣಿಗೆ ಮಾತ್ರ ಅದೇ ಮಬ್ಬು. ಬಟ್ಟೆ ಬಿಚ್ಚಿ, ಹಾಕಿ, ಬೆವರು ಒರೆಸಿಕೊಳ್ಳುತ್ತಿದ್ದ ಅವನಿಗೆ ಅವಳು ನೀರು ತಂದುಕೊಡುತ್ತಿದ್ದಳು. ನಿಜ ಮಾತ್ರ ಹೇಳಲಿಲ್ಲ.

ಕೊನೆಗೆ, ‘ನಡಿ, ಬಾಳು ಕಡೆ ಒಯ್ಯೋಣ’ ಅಂದ. ಹಡಪಸರದ ಬಾಳು ಫ್ಲ್ಯಾಶ್ ರಿಪೇರಿಯವನು, ಈರಬಸಪ್ಪನನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ಸೋಮವಾರ ಬೆಳಿಗ್ಗೆ ಫ್ಲ್ಯಾಶನ್ನೂ ಡಬ್ಬಿಯನ್ನೂ ರಿಕ್ಷಾದಲ್ಲಿ ತುರುಕಿಕೊಂಡು ಅಪ್ಪ ಮಗಳು ಹೋದರು.

ಬಾಳು ಮೀಟರ್ ಹಿಡಿದು ಹತ್ತು ಸಲ ಫ್ಲ್ಯಾಶ್ ಹೊಡೆದ. ಹತ್ತು ಸಲವೂ ಅದೇ ಅಂಕಿ. ಡಬ್ಬಿ ಕಟ್ಟಿ ಮತ್ತೆ ಹೊಡೆದ. ಬೆಳಕು ಎಷ್ಟು ಇಳಿಯಬೇಕೋ ಅಷ್ಟೇ ಇಳಿಯಿತು. ‘ಏಕದಮ್ ಠಣಠಣೀತ ಆಹೇ, ಕಾಕಾ’ ಎಂದು ನಕ್ಕ. ಗಟ್ಟಿಮುಟ್ಟಾಗಿದೆ, ಏನೂ ಆಗಿಲ್ಲ. ನಂಬಿಕೆ ಬರಲಿ ಎಂದು ರೇಣುವನ್ನು ಸ್ಟೂಲಿನ ಮೇಲೆ ಕೂರಿಸಿ, ಮೀಟರ್ ಹೇಳಿದಂತೆ ಒಂದು ಫೋಟೋ ತೆಗೆದು ತನ್ನ ಕ್ಯಾಮೆರಾದ ಪರದೆ ತೋರಿಸಿದ.

ಅದು ರೇಣು ಬೆಳಗಿಸಿಟ್ಟ ಪರದೆಯಲ್ಲ.

ಈರಬಸಪ್ಪ ಅದನ್ನು ಮೂಗಿನ ಹತ್ತಿರ ತಂದು ನೋಡಿದ. ‘ನೋಡು! ಕತ್ತಲಿ! ನಾ ಹೇಳ್ಲಿಲ್ಲೇನು? ಮಗಳ ಮುಖನ ಕಾಣವಲ್ದು.’

ಬಾಳು ಪರದೆ ನೋಡಿದ. ಅದರಲ್ಲಿ ರೇಣುವಿನ ಕಿವಿಯ ಓಲೆಯ ಹರಳು ಕೂಡ ಸ್ಪಷ್ಟವಾಗಿತ್ತು. ಅವನು ರೇಣುವಿನ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಬಾಳು ಮರಾಠಿಯಲ್ಲೇ, ತುಂಬಾ ಮೆತ್ತಗೆ ಹೇಳಿದ: ‘ಕಾಕಾ, ಲೈಟ್ ಸರಿಯಾಗಿದೆ. ನೀವು ಒಮ್ಮೆ ಕಣ್ಣು ತೋರಿಸಿಕೊಳ್ಳಿ.’

ರೇಣು ಕೂಗಾಟಕ್ಕೆ ಕಾದಳು. ಈರಬಸಪ್ಪ ಕೂಗಲಿಲ್ಲ. ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡವಿ ಕೂತ.

ಎರಡು ದಿನ ಬಿಟ್ಟು ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಮಲಾ ಬಹಳ ಹೊತ್ತು ಪರೀಕ್ಷೆ ಮಾಡಿದರು. ಪೊರೆಯಲ್ಲ ಇದು, ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುವ ರೋಗ ಅಂದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಎಡಗಣ್ಣಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಬಲಗಣ್ಣಿನಲ್ಲಿ ಉಳಿದಷ್ಟನ್ನು ಔಷಧ ಹಾಕಿ ಕಾಯಬೇಕು. ಇನ್ನು ಫೋಟೋದ ಕೆಲಸ ಆಗದು.

‘ಒಂದು ವರ್ಷ ಮೊದಲೇ ಬಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು. ದಿನವೂ ಬೆಳಕಿನ ಜೊತೆ ಕೆಲಸ ಮಾಡುವವರು ನೀವು, ಕೆಲಸದಲ್ಲಿ ಗೊತ್ತಾಗಲಿಲ್ಲವೇ?’

ಈರಬಸಪ್ಪ ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ಕೂತಿದ್ದ. ‘ಫ್ಲ್ಯಾಶ್ ಕೆಟ್ಟದ ಅನ್ಕೊಂಡೆ’ ಎಂದು ಮರಾಠಿಯಲ್ಲಿ ತಡವರಿಸಿ, ರೇಣುವಿನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ, ‘ಫೋಟೋ ಎಲ್ಲಾ ಸರಿನ ಬರ್ತಿದ್ವಲ್ಲವಾ? ಯಾರೂ ಏನೂ ಅನ್ಲಿಲ್ಲಲ್ಲ?’

ಅಪ್ಪನ ಕಣ್ಣು ತಪ್ಪು ಮಾಡಿದಾಗಲೆಲ್ಲ ಅವಳ ಕೈ ತಿದ್ದಿತ್ತು. ಆ ತಪ್ಪುಗಳೇ ಅಪ್ಪನನ್ನು ಇಲ್ಲಿಗೆ ಕರೆತರಬೇಕಾಗಿತ್ತು. ಒಂದೂವರೆ ವರ್ಷ ಅವಳು ದಾರಿಗೆ ಅಡ್ಡ ನಿಂತಿದ್ದಳು, ಪ್ರೀತಿಯಿಂದಲೇ ನಿಂತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಎಂಟು, ಏಳು, ಆರು, ಪರದೆ, ಏನೂ ಬಿಡಲಿಲ್ಲ. ಅತ್ತಳು. ‘ನೀವು ಸಿಟ್ಟಿಗೇಳ್ತೀರಿ ಅಂತ ಹೆದರಿದ್ದೆ ಅಪ್ಪಾ. ಮಾಂತುಗ ಬೈದಂಗ ನನಗೂ ಬೈತೀರಿ ಅಂತ. ಈಗರ ಬೈರಿ. ಒಂದ ಮಾತು ಬೈರಿ.’

ಔಷಧದ ಸಾಲಿನಲ್ಲಿ ನಿಂತವರು ಇವರತ್ತ ನೋಡಿ ಮುಖ ತಿರುಗಿಸಿಕೊಂಡರು. ಈರಬಸಪ್ಪ ಮಗಳ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟು ಹುಡುಕಿದರೂ ಇರಲಿಲ್ಲ.

‘ಹೌದವಾ, ಬೈತಿದ್ದೆ. ಎರಡು ದಿನ ಬೈತಿದ್ದೆ, ಊಟ ಬಿಡ್ತಿದ್ದೆ. ಮೂರನೇ ದಿನ ಡಾಕ್ಟರ್ ಕಡೆ ಬರ್ತಿದ್ದೆ.’