ಮೂರನೇ ಕೂಗು

ರೋಷನ ಮಾಸ್ತರು ನೀತಾಳ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿ, ಟ್ಯಾಬನ್ನು ಅವಳ ಮುಂದೆ ಸರಿಸಿದರು.

"ಗಡಿಬಿಡಿ ಮಾಡ್ಬೇಡಿ ನೀತಾಬಾಯಿ. ಪೂರ್ತಿ ಕೇಳಿ, ಆಮೇಲೆ ಒತ್ತಿ. ನಿಮಗೆ ಇದೆಲ್ಲ ಎಂತದೂ ಅಲ್ಲ" ಎಂದು ಹೇಳಿ, ಗಾಜಿನ ಬಾಗಿಲು ಎಳೆದುಕೊಂಡು ಹೊರಗೆ ನಿಂತರು.

ಅಂಕೋಲೆಯ ಆ ತರಬೇತಿ ಕೇಂದ್ರಕ್ಕೆ ನೀತಾ ಎರಡು ತಿಂಗಳಿನಿಂದ ಮಾಜಾಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಜೊತೆಗೆ ಓರಗಿತ್ತಿ ಮನಿಷಾ. ಕಾರವಾರದ ಹೊಸ ಖಾಸಗಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಒಂದು ಖಾಲಿಯಿತ್ತು. ಅಲ್ಲಿಗೆ ಬರುವ ರೋಗಿಗಳಲ್ಲಿ ಅರ್ಧ ಜನ ಬೇರೆ ರಾಜ್ಯಗಳಿಂದ ಬಂದ ನೌಕಾದಳದ ಮನೆಯವರು. ಆದ್ದರಿಂದ ಇಂಗ್ಲಿಷ್ ಕೇಳಿ ತಿಳಿಯಬೇಕು. ಆಲಿಸುವ ಪರೀಕ್ಷೆಯಲ್ಲಿ ನಾಲ್ಕನೇ ಹಂತ ಮುಟ್ಟಿದವರಿಗೆ ಕೆಲಸ. ಸೇರಿದ್ದ ಒಂಬತ್ತು ಜನರಲ್ಲಿ ಕೊನೆಗೆ ಉಳಿದವರು ಇವರಿಬ್ಬರೇ.

ಇಬ್ಬರೂ ಮೀನು ಮಾರುವವರು. ಮನಿಷಾ ದೊಡ್ಡ ಬುಟ್ಟಿ ಹೊರುತ್ತಿದ್ದಳು, ನೀತಾ ಸಣ್ಣದು. ನೀತಾಳ ಬಲ ಮೊಣಕಾಲು ಸವೆದಿತ್ತು. "ಭಾರ ಹೊತ್ತರೆ ಇನ್ನೆರಡು ವರ್ಷಕ್ಕೆ ಈ ಕಾಲು ಮಡಚುವುದಿಲ್ಲ" ಎಂದು ಡಾಕ್ಟರು ಹೇಳಿದ್ದರು. ಯಾರು ಪಾಸಾಗುತ್ತಾರೋ ಅವರು ಆಸ್ಪತ್ರೆಗೆ, ಇನ್ನೊಬ್ಬರು ಎರಡೂ ಬುಟ್ಟಿಗೆ ಎಂದು ಮನೆಯಲ್ಲಿ ಮಾತಾಗಿತ್ತು. ಪಾಸಾಗುವವಳು ನೀತಾಳೇ ಎಂದು ಎಲ್ಲರಿಗೂ ಗೊತ್ತಿತ್ತು. ಹದಿನೆಂಟು ವರ್ಷ ನೌಕಾದಳದ ಕ್ವಾರ್ಟರ್ಸಿನ ಮೆಟ್ಟಿಲುಗಳ ಮೇಲೆ ಕುಳಿತು ಬಂಗುಡೆಗೆ ಚೌಕಾಶಿ ಮಾಡಿದವಳು ಅವಳು. ಮಾಸ್ತರು ಓದಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಟ್ಯಾಬ್ ಮಾತ್ರ ಬಂದಿದ್ದು ಮೊನ್ನೆ. ಚಿತ್ರ ಒತ್ತುವುದು ಹೇಗೆ ಎಂದಷ್ಟೇ ತೋರಿಸಿದ್ದರು.

ಕಿವಿಯಲ್ಲಿ ಒಬ್ಬ ಹೆಂಗಸು ಮಾತಾಡಿದಳು: ಕಿಟಕಿಯ ಹತ್ತಿರದ ಮೇಜಿನ ಮೇಲಿರುವ ನೀರಿನ ಹೂಜಿ ತಾ, ಮಂಚದ ಬಳಿ ಇರುವುದು ಬೇಡ. ಪರದೆಯ ಮೇಲೆ ನಾಲ್ಕು ಚಿತ್ರ. ನೀತಾಳಿಗೆ ಒಂದೇ ಸಲಕ್ಕೆ ತಿಳಿಯಿತು. ಬೆರಳನ್ನು ಮೂರನೇ ಚಿತ್ರದ ಮೇಲೆ, ತಾಗದಂತೆ, ಹಿಡಿದಳು. ಅದೇ ಮಾತು ಇನ್ನೊಮ್ಮೆ ಬಂತು. ಅವಳು ಕಾದಳು.

ಚಿತ್ರಗಳು ಸರಿದುಹೋದವು. ಎರಡನೇ ಪ್ರಶ್ನೆ ಬಂದು ನಿಂತಿತು.

ನೆಟ್ ಕೈಕೊಟ್ಟಿತೆಂದು ನೀತಾ ಗಾಜಿನಾಚೆ ನೋಡಿದಳು. ಮಾಸ್ತರು ಅಂಗೈ ಆಡಿಸಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದರು. ಅವಳು ನಿಧಾನಿಸಿದಳು. ಎರಡನೆಯದೂ ಹಾಗೇ ಹೋಯಿತು. ಮೂರನೆಯದೂ. ಹಿಂದೆ ಹೋಗಲು ಬಾಣದ ಗುರುತು ಹುಡುಕಿದಳು, ಇರಲಿಲ್ಲ. ಹೆಡ್‌ಫೋನಿನೊಳಗೆ ಕಿವಿ ಬೆವರಿತು. ಎದ್ದು ಹೋದರೆ ಪರೀಕ್ಷೆ ಮುಗಿದಂತೆ ಎಂದು ಮೊದಲೇ ಹೇಳಿದ್ದರು.

ಅವಳು ಕಾಯುತ್ತಲೇ ಹೋದಳು, ಪ್ರಶ್ನೆಗಳು ಸಣ್ಣವಾಗತೊಡಗಿದವು. ಐದನೆಯದರಲ್ಲಿ ಹಾಸಿಗೆ, ದಿಂಬು. ಎಂಟನೆಯದರಲ್ಲಿ ಬರೀ ಒಂದು ಚಹಾ ಕಪ್. ಹತ್ತನೆಯದಕ್ಕೆ ಆ ಹೆಂಗಸು ಮಗುವಿಗೆ ಹೇಳುವಂತೆ ಎಳೆದು ಹೇಳಿದಳು: ಇದು ಬೆಕ್ಕು.

ನೀತಾಳಿಗೆ ಮುಖಕ್ಕೆ ಹೊಡೆದಂತಾಯಿತು. ಯಂತ್ರ ನಿಮ್ಮನ್ನು ನೋಡಿಕೊಂಡು ಪ್ರಶ್ನೆ ಕೇಳುತ್ತದೆ, ಬಾರದವರಿಗೆ ಸುಲಭದ್ದು ಕೊಟ್ಟು ಕೆಳಗಿಳಿಸುತ್ತದೆ ಎಂದು ಮಾಸ್ತರು ನಿನ್ನೆ ಹೇಳಿದ್ದರು. ಅದು ತನ್ನನ್ನು ಬೆಕ್ಕಿನ ತನಕ ಇಳಿಸಿತ್ತು. ಕೆಟ್ಟಿದ್ದು ನೆಟ್ ಅಲ್ಲ. ಮೂರನೇ ಕೂಗು ಅನ್ನುವುದೇ ಇದರಲ್ಲಿರಲಿಲ್ಲ.

ಮಾಜಾಳಿಯ ಮರಳಿನ ಮೇಲೆ ಬೆಳಗಿನ ಮೀನಿನ ಸವಾಲಿನಲ್ಲಿ ಹರಾಜುಗಾರ ತುಳಸಿದಾಸ ಬೆಲೆಯನ್ನು ಮೂರು ಸಲ ಕೂಗುತ್ತಾನೆ. ಮೊದಲ ಕೂಗಿಗೆ ಕೈ ಎತ್ತಿದವಳನ್ನು ಕಂಡು ಉಳಿದವರು ಬೆಲೆ ಏರಿಸುತ್ತಾರೆ. ಎರಡನೆಯದಕ್ಕೆ ಎತ್ತಿದವಳನ್ನು ನೋಡಿ ನಗುತ್ತಾರೆ. ಗೊತ್ತಿದ್ದವಳು ಮೂರನೇ ಕೂಗಿನ ತನಕ ಕಲ್ಲಿನಂತೆ ನಿಲ್ಲುತ್ತಾಳೆ. ಹಾಗೆ ನಿಲ್ಲುವುದರಲ್ಲಿ ನೀತಾಳನ್ನು ಮೀರಿಸಿದವರು ಆ ದಂಡೆಯಲ್ಲಿ ಯಾರೂ ಇರಲಿಲ್ಲ.

ಅವಳು ಬೆಕ್ಕನ್ನು ಒತ್ತಿದಳು. ಆಮೇಲೆ ಮೊದಲ ಮಾತು ಮುಗಿಯುವುದರೊಳಗೇ ಒತ್ತುತ್ತ ಹೋದಳು. ಕಪ್, ದಿಂಬು, ಮಾತ್ರೆ ಕೊಡುವ ಹೊತ್ತು, ಜಾರುವ ನೆಲ. ಪ್ರಶ್ನೆಗಳು ಮತ್ತೆ ಉದ್ದವಾದವು. ಅವಳೂ ಹತ್ತಿದಳು. ಆದರೆ ಇದ್ದದ್ದು ಇಪ್ಪತ್ತೇ ಪ್ರಶ್ನೆ. ಪರದೆ ಹಸಿರಾಯಿತು: ಹಂತ ಮೂರು.

ಮಾಸ್ತರು ಒಳಗೆ ಬಂದು ಪರದೆ ನೋಡಿದರು. "ಎಂತ ಆಯ್ತು ನೀತಾಬಾಯಿ? ನಿಮಗೆ ಬರ್ತಿತ್ತಲ್ಲ!"

"ಇನ್ನೊಂದ್ಸಲ ಕೂತ್ಕಳ್ಳೂಕೆ ಆಗೂದಿಲ್ವಾ?"

"ಮೂರು ತಿಂಗಳು ಇದು ನಿಮ್ಮ ಹೆಸ್ರೇ ತಗೊಳ್ಳೂದಿಲ್ಲ. ಮಾರ್ಕು ಆಗ್ಲೇ ಆಸ್ಪತ್ರೆಗೆ ಹೋಯ್ತು." ಅವರು ತಲೆ ಕೆರೆದುಕೊಂಡರು. "ಮನಿಷಾಬಾಯಿಗೂ ಆಗ್ಲಿಲ್ಲ ಅಂದ್ರೆ ಮಾತ್ರ ಮೂರು ತಿಂಗಳಿಗೆ ಮತ್ತೆ ಕರೀತಾರಂತೆ. ಆಗ ನೋಡ್ವಾ."

ಏನಾಯಿತೆಂದು ನೀತಾ ಅವರಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಬೇರೆಯದೂ ಒಂದು ಕುಳಿತಿದೆ ಎಂಬುದು ಬಾಗಿಲು ದಾಟುವಾಗ ಅವಳಿಗೇ ಗೊತ್ತಾಯಿತು.

ಹೊರಗೆ ಬೆಂಚಿನ ಮೇಲೆ ಮನಿಷಾ ಇಬ್ಬರ ಚೀಲಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ವೈನಿ, ಹೆಂಗಾಯ್ತು? ಮುಖ ಎಂತಕ್ಕೆ ಒಣಗಿದ ಬಂಗುಡೆ ಆಗ್ಯದೆ?"

"ಮೂರು."

"ಮೂರಾ? ಚೇಷ್ಟೆ ಮಾಡ್ಬೇಡ ಗೋ. ನಿಂಗೇ ಮೂರು ಅಂದ್ರೆ ನಂಗೆ ಒಂದೂ ಬರೂದಿಲ್ಲ. ನಾ ಹೋಗೂದೇ ಇಲ್ಲ."

"ಹೋಗು. ಕರೀತವ್ರೆ."

ಮನಿಷಾ ಎದ್ದು ಸೆರಗು ಸರಿಮಾಡಿಕೊಂಡಳು. ಮದುವೆಯಾಗಿ ಬಂದ ವರ್ಷ ಇವಳು ಸವಾಲಿನಲ್ಲಿ ಮೊದಲ ಕೂಗಿಗೇ ಕೈ ಎತ್ತಿದ್ದಳು. ಎತ್ತಿದ ಕೈಯ ಮೇಲೆ ಪಟ್ಟೆಂದು ಹೊಡೆದು ಇಳಿಸಿದವಳು ನೀತಾ. ಅವತ್ತಿನಿಂದ ಮನಿಷಾ ಮೂರನೆಯದರ ಮುಂಚೆ ಕೈ ಎತ್ತಿದ್ದಿಲ್ಲ. ಈಗ ಒಳಗೆ ಹೋದರೂ ಬೆರಳು ಮೇಲೆ ಹಿಡಿದು ಕಾಯುತ್ತಾಳೆ. ಮೂರು ತಿಂಗಳು ಬಿಟ್ಟು ಮತ್ತೆ ಕರೆಯುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ. ಸುಮ್ಮನೆ ಇದ್ದರೆ ಸಾಕು. ಸುಮ್ಮನೆ ನಿಲ್ಲುವುದು ನೀತಾಳಿಗೆ ಬರುವ ಕೆಲಸವೇ.

ಮನಿಷಾ ಬಾಗಿಲಿಗೆ ಕೈ ಹಾಕಿದಳು.

"ಅಗೋ," ನೀತಾ ಕರೆದಳು. "ಅದ್ರಲ್ಲಿ ಮೂರನೇ ಕೂಗು ಇಲ್ಲ. ಎರಡೇ. ಮೊದಲ್ನೇದಕ್ಕೇ ಒತ್ಬಿಡು."

ಮನಿಷಾ ತಿರುಗಿ ನಿಂತಳು. ನೋಡುತ್ತಿದ್ದ ಹಾಗೇ ಅವಳಿಗೆ ಎಲ್ಲ ತಿಳಿಯಿತು. "ವೈನಿ... ನೀನು ಕಾಯ್ತಾ ಕೂತಿದ್ಯಾ?"

"ಹೋಗ್ತೀಯಾ, ಇಲ್ಲ ನನ್ನ ಕೈಲಿ ಇನ್ನೊಂದು ಪೆಟ್ಟು ತಿಂತೀಯಾ?"

ಬಾಗಿಲು ಮುಚ್ಚಿತು. ಗಾಜಿನಾಚೆ ಮನಿಷಾಳ ತಲೆಗೆ ಹೆಡ್‌ಫೋನ್ ಏರಿತು. ಮಾಸ್ತರು ನಿಧಾನ, ನಿಧಾನ ಎಂದು ಅಂಗೈ ಆಡಿಸಿದರು. ಮನಿಷಾ ಅವರತ್ತ ನೋಡಲೇ ಇಲ್ಲ. ಅವಳ ಬೆರಳು ಟಕ್ ಎಂದು ಬಿತ್ತು. ಮತ್ತೆ ಬಿತ್ತು.

ನೀತಾ ಬೆಂಚಿನ ಮೇಲೆ ಕುಳಿತು ಬಲಗಾಲನ್ನು ಚಾಚಿದಳು. ಮನಿಷಾಳ ಚೀಲದ ಬಾಯಿ ತೆರೆದಿತ್ತು. ಒಳಗೆ ಬುಟ್ಟಿಯಡಿ ತಲೆಗೆ ಇಡುವ ಬಟ್ಟೆಯ ಸಿಂಬಿ, ದೊಡ್ಡ ಬುಟ್ಟಿಗೆಂದು ದಪ್ಪಗೆ ಸುತ್ತಿದ್ದು. ನೀತಾ ಅದನ್ನು ತೆಗೆದು ಒತ್ತಿ ನೋಡಿದಳು. ಇನ್ನೂ ಗಟ್ಟಿಯಿತ್ತು. ಬೆರಳು ಬೀಳುವುದನ್ನು ಎಣಿಸುತ್ತಲೇ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.